ಎಣಿಕೆಯ ಪುಸ್ತಕವೂ ಜೀವ ಉಳಿಸಬಲ್ಲದು

ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ‘ಔಷಧಿ’ ಎಂದೂ ‘ಎಣ್ಣೆ’ ಎಂದೂ ಕರೆಯುವ ರೂಢಿ ಬಿದ್ದುಹೋಗಿದೆ. ತೊಗರಿಗೆ ಕಾಯಿಕೊರಕ ಬಿದ್ದರೆ ‘ಔಷಧಿ ಹೊಡೆಯಬೇಕು’ ಎನ್ನುತ್ತೇವೆ. ಊರಿನಲ್ಲಿ ಯಾರಿಗಾದರೂ ಆಗಬಾರದ್ದು ಆದಾಗ ‘ಔಷಧಿ ಕುಡಿದರಂತೆ’ ಎಂದು ದನಿ ತಗ್ಗಿಸಿ ಹೇಳುತ್ತೇವೆ. ಎರಡೂ ಮಾತಿನಲ್ಲಿ ಇರುವುದು ಒಂದೇ ಡಬ್ಬಿ. ಜಡ್ಡಿಗೆ ಕೊಡುವ ಔಷಧಿಯೂ ಅಳತೆ ಮೀರಿದರೆ ಪ್ರಾಣಕ್ಕೆ ಎರವಾಗುವುದು ಎಲ್ಲರಿಗೂ ತಿಳಿದದ್ದೇ. ಈ ಡಬ್ಬಿಯಲ್ಲಿರುವುದಾದರೋ ಮನುಷ್ಯನ ಹೊಟ್ಟೆಗೆ ಯಾವ ಅಳತೆಯಲ್ಲಿಯೂ ಸಲ್ಲದ ವಸ್ತು. ಆದರೂ ಅದನ್ನು ಅಕ್ಕಿ ಬೇಳೆಯ ಪಕ್ಕದಲ್ಲಿಯೇ ಇಡುವ ಮನೆಗಳು ಬಸವಕಲ್ಯಾಣ ಮತ್ತು ಹುಮನಾಬಾದ ಬ್ಲಾಕುಗಳ ಹಳ್ಳಿಗಳಲ್ಲಿ ಕಡಿಮೆಯಿಲ್ಲ.

ಇಂಥ ಸಾವುಗಳನ್ನು ತಡೆಯುವ ಕೆಲಸ ದವಾಖಾನೆಯದು, ಪೊಲೀಸರದು, ಸರ್ಕಾರದ್ದು ಎಂದು ನಾವು ಸುಮ್ಮನಿರುವುದುಂಟು. ಆದರೆ ಊರಿನವರೇ ಮಾಡಬಹುದಾದ ಒಂದು ಕೆಲಸವಿದೆ. ಅದಕ್ಕೆ ಬೇಕಾದುದು ಒಂದು ರೂಲು ಪುಸ್ತಕ, ಒಂದು ಪೆನ್ನು, ಮತ್ತು ಆದದ್ದನ್ನು ಆದಂತೆ ಬರೆದಿಡುವ ಧೈರ್ಯ. ಈ ಲೇಖನದಲ್ಲಿ ಅದರ ಬಗೆಯನ್ನು ವಿವರಿಸಲಾಗಿದೆ.

ನಮ್ಮ ಜಿಲ್ಲೆ ಕಂಡ ದುಃಖ

೧೯೯೭-೯೮ರ ಹಂಗಾಮಿನಲ್ಲಿ ಬೀದರ ಜಿಲ್ಲೆಯ ತೊಗರಿ ಬೆಳೆ ಕೈಕೊಟ್ಟಿತು. ಹವೆಯ ಏರುಪೇರು, ಕೀಟದ ಹಾವಳಿ, ಬೀಜ ಗೊಬ್ಬರಕ್ಕೆ ಮಾಡಿದ ಸಾಲ ಎಲ್ಲವೂ ಒಟ್ಟಿಗೆ ಬಂದು ರೈತರ ಮೇಲೆ ಕುಳಿತವು. ೧೯೯೮ರಲ್ಲಿ ನಮ್ಮ ಜಿಲ್ಲೆಯ ರೈತರ ಆತ್ಮಹತ್ಯೆಯ ಸುದ್ದಿ ರಾಜ್ಯವನ್ನೆಲ್ಲ ಕಲಕಿತು. ಸಮಾಜಶಾಸ್ತ್ರಜ್ಞೆ ಎ. ಆರ್. ವಾಸವಿಯವರು ೧೯೯೯ರಲ್ಲಿ ಬೀದರ ಜಿಲ್ಲೆಯ ಈ ಸಂಕಟವನ್ನು ಕುರಿತು ಅಧ್ಯಯನ ಪ್ರಕಟಿಸಿದರು. ಮುಂದೆ ಸರ್ಕಾರ ನೇಮಿಸಿದ ಡಾ. ಜಿ. ಕೆ. ವೀರೇಶ ಅವರ ಸಮಿತಿಯು ೨೦೦೨ರಲ್ಲಿ ವರದಿ ಕೊಟ್ಟು, ಇಂಥ ಸಾವುಗಳನ್ನು ಒಂದೇ ಕಾರಣಕ್ಕೆ ಕಟ್ಟಿಹಾಕಲು ಬರುವುದಿಲ್ಲವೆಂದು ತೋರಿಸಿತು.

ಸಾಲ, ಬೆಲೆ ಕುಸಿತ, ಮನೆಯ ತಾಪತ್ರಯ, ಕುಡಿತ, ಮನಸ್ಸಿನ ಜಡ್ಡು ಇವೆಲ್ಲ ‘ಏಕೆ’ ಎಂಬ ಪ್ರಶ್ನೆಗೆ ಉತ್ತರಗಳು. ಇವನ್ನು ನೀಗಿಸುವುದಕ್ಕೆ ವರ್ಷಗಳೇ ಬೇಕು. ಆ ಪ್ರಯತ್ನ ಬಿಡಲಾಗದು. ಆದರೆ ಇನ್ನೂ ಕೆಲವು ಪ್ರಶ್ನೆಗಳಿವೆ: ಯಾವ ವಿಷದಿಂದ? ಯಾವ ತಿಂಗಳಲ್ಲಿ? ಆ ಡಬ್ಬಿ ಎಲ್ಲಿ ಇತ್ತು? ದವಾಖಾನೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು? ಇವುಗಳಿಗೆ ಉತ್ತರ ಸಿಕ್ಕರೆ ಈ ಹಂಗಾಮಿನಲ್ಲಿಯೇ ಕೈಹಾಕಿ ಮಾಡಬಹುದಾದ ಕೆಲಸ ಕಣ್ಣಿಗೆ ಕಾಣುತ್ತದೆ.

ಇದಕ್ಕೆ ಬಲವಾದ ಆಧಾರವುಂಟು. ಶ್ರೀಲಂಕಾದ ಹಳ್ಳಿಗಾಡಿನಲ್ಲಿ ವಿಷ ಸೇವಿಸಿ ಬದುಕಿ ಉಳಿದವರನ್ನು ವೈದ್ಯರು ವಿಚಾರಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಆ ನಿರ್ಧಾರವನ್ನು ಅರ್ಧ ಗಂಟೆಯೊಳಗೆ ಮಾಡಿದ್ದರೆಂದು ತಿಳಿಯಿತು. ಆರಿಸಿ ತಂದವರು ಕಡಿಮೆ. ಕೈಗೆ ಸಿಕ್ಕದ್ದನ್ನು ತೆಗೆದುಕೊಂಡವರೇ ಹೆಚ್ಚು. ಹೀಗೆ ಬದುಕಿ ಉಳಿದವರಲ್ಲಿ ಬಹುಪಾಲು ಜನ ಮುಂದೆ ಆ ದಾರಿಯಲ್ಲಿ ಸಾಯುವುದಿಲ್ಲವೆಂಬುದೂ ಅನೇಕ ದೇಶಗಳ ಅಧ್ಯಯನದಿಂದ ಗೊತ್ತಾಗಿದೆ. ಅಂದರೆ, ಆ ಅರ್ಧ ಗಂಟೆ ಕೈಯಳತೆಯಲ್ಲಿ ಡಬ್ಬಿ ಇಲ್ಲದಿದ್ದರೆ, ಇದ್ದರೂ ಅದು ತೀವ್ರ ವಿಷವಲ್ಲದಿದ್ದರೆ, ಒಂದು ಮನೆಯ ದೀಪ ಉಳಿಯುವ ಸಂಭವ ಬಹಳವಾಗಿದೆ.

ಎಣಿಕೆಯಿಂದ ಬೇರೆ ಕಡೆ ಆದ ಉಪಕಾರ

ಸಾವನ್ನು ಎಣಿಸಿ ಸಾವನ್ನು ತಡೆಯುವುದು ಹೊಸ ಮಾತಲ್ಲ. ೧೮೫೪ರಲ್ಲಿ ಲಂಡನ್ ನಗರದ ಒಂದು ಬಡಾವಣೆಯಲ್ಲಿ ಕಾಲರಾ ಹಬ್ಬಿತ್ತು. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ ವಿಚಾರಿಸಿದರು. ಸಾವುಗಳೆಲ್ಲ ಒಂದು ನೀರಿನ ಪಂಪಿನ ಸುತ್ತ ಒತ್ತಾಗಿದ್ದವು. ಅವರ ಮಾತಿನ ಮೇಲೆ ಆ ಪಂಪಿನ ಹಿಡಿ ಕಿತ್ತುಹಾಕಲಾಯಿತು. ಕಾಲರಾ ರೋಗಾಣುವಿನ ವಿಷಯ ಆಗ ವೈದ್ಯಲೋಕ ಒಪ್ಪಿರಲಿಲ್ಲ. ಕೈ ಎಲ್ಲಿ ಹಾಕಬೇಕೆಂಬುದನ್ನು ಎಣಿಕೆಯೇ ತೋರಿಸಿತು.

ಈಚಿನ ಉದಾಹರಣೆ ಅಮೆರಿಕದ್ದು. ಅಲ್ಲಿ ನೋವಿನ ಮತ್ತು ಅಮಲಿನ ಔಷಧಿಗಳನ್ನು ಅಳತೆ ಮೀರಿ ಸೇವಿಸಿ ೨೦೨೨ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆ ಸಾವುಗಳನ್ನು ಊರುವಾರು, ವಯಸ್ಸುವಾರು, ಔಷಧಿವಾರು ಎಣಿಸಿ, ಹೆಚ್ಚಿರುವ ಕಡೆ ನಾಲೋಕ್ಸೋನ್ ಎಂಬ ಪ್ರತಿಮದ್ದನ್ನು ಜನಸಾಮಾನ್ಯರ ಕೈಗೇ ಮುಟ್ಟಿಸುವ ಏರ್ಪಾಡು ಮಾಡಿದರು. ಇಳಿಕೆಗೆ ಕಾರಣಗಳು ಹಲವಾದರೂ ೨೦೨೪ರ ಹೊತ್ತಿಗೆ ಆ ಸಂಖ್ಯೆ ಸುಮಾರು ೮೦ ಸಾವಿರಕ್ಕೆ ತಗ್ಗಿತು.

ನಮಗೆ ಹೆಚ್ಚು ಹತ್ತಿರದ ಪಾಠ ಶ್ರೀಲಂಕಾದ್ದು. ೧೯೯೫ರಲ್ಲಿ ಅಲ್ಲಿ ಒಂದು ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು ೪೭ ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಯಾವ ಯಾವ ಕೀಟನಾಶಕದಿಂದ ಹೆಚ್ಚು ಜನ ಸಾಯುತ್ತಾರೆಂಬುದನ್ನು ದವಾಖಾನೆಗಳ ಲೆಕ್ಕದಿಂದ ತಿಳಿದುಕೊಂಡು, ಅತಿ ತೀವ್ರ ವಿಷಗಳನ್ನು ೧೯೯೫ರಲ್ಲಿಯೂ ಎಂಡೋಸಲ್ಫಾನನ್ನು ೧೯೯೮ರಲ್ಲಿಯೂ ಸರ್ಕಾರ ನಿಲ್ಲಿಸಿತು. ೨೦೦೫ರ ಹೊತ್ತಿಗೆ ಆ ಪ್ರಮಾಣ ಅರ್ಧಕ್ಕೆ ಇಳಿಯಿತು. ೨೦೦೮ರಿಂದ ೨೦೧೧ರವರೆಗೆ ಇನ್ನೂ ಮೂರು ವಿಷಗಳು ಹೋದವು. ೨೦೧೫ರ ಹೊತ್ತಿಗೆ ಲಕ್ಷಕ್ಕೆ ಸುಮಾರು ೧೭ಕ್ಕೆ ಬಂದು ನಿಂತಿತು. ಇಳುವರಿ ಬಿತ್ತೇ ಎಂದು ನೀವು ಕೇಳುವುದು ಸಹಜ. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಮೊದಲ ನಿಷೇಧಗಳ ನಂತರ ಬೆಳೆಯ ಇಳುವರಿ ತಗ್ಗಿದ ಗುರುತು ಕಾಣಲಿಲ್ಲ.

ಭಾರತದಲ್ಲಿಯೂ ಹೆಜ್ಜೆ ಇಡಲಾಗಿದೆ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆಯಿತು. ೨೦೧೮ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ೧೮ ಕೀಟನಾಶಕಗಳ ಮೇಲೆ ನಿಷೇಧ ಹೊರಡಿಸಿತು. ೧೨ ಕೂಡಲೇ ನಿಂತವು, ಉಳಿದ ೬ ೨೦೨೦ರ ಕೊನೆಗೆ ನಿಂತವು. ೨೦೨೩ರಲ್ಲಿ ಮಾನೋಕ್ರೋಟೋಫಾಸ್ ೩೬ ಎಸ್.ಎಲ್. ನಿಲ್ಲಿಸುವ ಆದೇಶವೂ ಬಂದಿತು. ಆದರೆ ದಿಲ್ಲಿಯಲ್ಲಿ ಆದೇಶ ಹೊರಟ ಮಾತ್ರಕ್ಕೆ ನಮ್ಮ ಜಂತಿಯ ಮೇಲಿನ ಹಳೆಯ ಡಬ್ಬಿ ತಾನಾಗಿ ಮಾಯವಾಗುವುದಿಲ್ಲ.

ನಮ್ಮ ಲೆಕ್ಕ ಎಲ್ಲಿ ಸೋರುತ್ತದೆ

ವಿಷದಿಂದ ಆದ ಸಾವು ಮೂರು ಕಡೆ ದಾಖಲಾಗಬೇಕು: ಜನನ ಮರಣ ನೋಂದಣಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ದವಾಖಾನೆಯಲ್ಲಿ. ೧೯೬೯ರ ಜನನ ಮರಣ ನೋಂದಣಿ ಕಾಯ್ದೆಯಂತೆ ಯಾವುದೇ ಸಾವನ್ನು ೨೧ ದಿನಗಳೊಳಗೆ ತಿಳಿಸಬೇಕು. ಆದರೆ ಸಾವು ಬರೆಸುವುದು ಬೇರೆ, ಸಾವಿನ ಕಾರಣ ಬರೆಸುವುದು ಬೇರೆ. ೨೦೨೧ರಲ್ಲಿ ದೇಶದಲ್ಲಿ ನೋಂದಣಿಯಾದ ನೂರು ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟಿದ್ದು ೨೫ಕ್ಕೂ ಕಡಿಮೆ.

ಈ ಸೋರಿಕೆ ಎಷ್ಟು ದೊಡ್ಡದೆಂಬುದಕ್ಕೆ ಒಂದು ನಿದರ್ಶನ. ೨೦೧೦ರಲ್ಲಿ ಪೊಲೀಸ್ ದಾಖಲೆಯಂತೆ ದೇಶದಲ್ಲಿ ಆತ್ಮಹತ್ಯೆಗಳು ಸುಮಾರು ೧ ಲಕ್ಷ ೩೫ ಸಾವಿರ. ಆದರೆ ಮಾದರಿ ನೋಂದಣಿಯ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಸತ್ತವರು ಹೇಗೆ ಸತ್ತರೆಂದು ಮನೆಯವರಿಂದಲೇ ಕೇಳಿ ತಿಳಿದ ದೊಡ್ಡ ಅಧ್ಯಯನದ ಪ್ರಕಾರ ಅದೇ ವರ್ಷ ೧೫ ವರ್ಷ ದಾಟಿದವರಲ್ಲಿಯೇ ಅದು ಸುಮಾರು ೧ ಲಕ್ಷ ೮೭ ಸಾವಿರ. ಅವುಗಳಲ್ಲಿ ಸುಮಾರು ಅರ್ಧ ವಿಷದಿಂದ ಆದವು. ಆ ವಿಷ ಮುಖ್ಯವಾಗಿ ಕೀಟನಾಶಕ.

ಜನ ಮುಚ್ಚಿಡುವುದಕ್ಕೆ ಕಾರಣ ಮಾನದ ಅಂಜಿಕೆ ಮತ್ತು ಪೊಲೀಸರ ಅಂಜಿಕೆ. ‘ಹೊಟ್ಟೆನೋವು’ ಎಂದು ಹೇಳಿ ದವಾಖಾನೆಗೆ ತಂದರೆ ವೈದ್ಯರಿಗೆ ಸರಿಯಾದ ಪ್ರತಿಮದ್ದು ಆರಿಸಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿಯೇ ಜೀವ ಜಾರುತ್ತದೆ. ಆದುದರಿಂದ ಎಲ್ಲರೂ ಮನಗಾಣಬೇಕಾದ ಸಂಗತಿಯೆಂದರೆ ಕಾಯ್ದೆ ಬದಲಾಗಿದೆ. ೨೦೧೮ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರು ಮನಸ್ಸಿನ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ೩೦೯ನೆಯ ಕಲಮು ಉಳಿದಿಲ್ಲ. ದವಾಖಾನೆಯವರು ಪೊಲೀಸರಿಗೆ ತಿಳಿಸುವುದು ನಿಯಮ. ಅದು ಬದುಕಿದವರನ್ನು ಜೇಲಿಗೆ ಹಾಕಲು ಅಲ್ಲ.

ಪೆಟ್ಟಿಗೆಗೆ ಬೀಗ ಹಾಕಿದರೆ ಸಾಲದೇ?

ಮನೆಗೊಂದು ಬೀಗದ ಪೆಟ್ಟಿಗೆ ಕೊಟ್ಟರೆ ಕೆಲಸ ಮುಗಿಯಿತೆಂದು ತೋರುವುದು ಸಹಜ. ಶ್ರೀಲಂಕಾದಲ್ಲಿ ೧೮೦ ಹಳ್ಳಿಗಳನ್ನು ಆರಿಸಿ, ಅರ್ಧ ಹಳ್ಳಿಗಳಿಗೆ ಬೀಗದ ಪೆಟ್ಟಿಗೆ ಕೊಟ್ಟು, ಅರ್ಧಕ್ಕೆ ಕೊಡದೆ, ಎರಡು ಲಕ್ಷಕ್ಕೂ ಹೆಚ್ಚು ಜನರ ಮೇಲೆ ವರ್ಷಗಟ್ಟಲೆ ಲೆಕ್ಕ ಇಟ್ಟರು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಕಡೆ ವಿಷಬಾಧೆ ಹೆಚ್ಚು ಕಡಿಮೆ ಒಂದೇ ಆಗಿತ್ತು. ಬೀಗದ ಕೈ ಮನೆಯಲ್ಲಿಯೇ ಇದ್ದರೆ ಬೀಗದ ಬಲ ಎಷ್ಟು? ಲೆಕ್ಕ ಇಡದೇ ಇದ್ದಿದ್ದರೆ ಪೆಟ್ಟಿಗೆ ಹಂಚಿ ನೆಮ್ಮದಿಯಿಂದ ಕುಳಿತುಬಿಡುತ್ತಿದ್ದೆವು. ಮಕ್ಕಳ ಕೈಗೆ ಸಿಗದಂತೆ ಬೀಗ ಬೇಕೇ ಬೇಕು. ಆದರೆ ಅಷ್ಟಕ್ಕೇ ನಿಲ್ಲಬಾರದು.

ಇನ್ನೊಂದು ಪ್ರಯೋಗ ತಮಿಳುನಾಡಿನ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಪ್ರದೇಶದಲ್ಲಿ ನಡೆಯಿತು. ಡಾ. ಲಕ್ಷ್ಮೀ ವಿಜಯಕುಮಾರ್ ಮತ್ತು ಅವರ ಸಂಗಡಿಗರು ಎರಡು ಹಳ್ಳಿಗಳಲ್ಲಿ ಊರಿಗೆ ಒಂದೇ ಕೋಣೆ ಕಟ್ಟಿಸಿ, ರೈತರ ಡಬ್ಬಿಗಳನ್ನು ಮನೆಯ ಬದಲು ಅಲ್ಲಿಯ ಖಾನೆಗಳಲ್ಲಿ ಇಡುವಂತೆ ಮಾಡಿದರು. ಬೇಕಾದಾಗ ಕೋಣೆ ನೋಡಿಕೊಳ್ಳುವವರ ಸಮಕ್ಷಮ ತೆಗೆದುಕೊಳ್ಳುವುದು, ಉಳಿದದ್ದನ್ನು ಮರಳಿ ಇಡುವುದು. ಅಲ್ಲಿ ಕೀಟನಾಶಕದಿಂದಾಗುವ ಆತ್ಮಹತ್ಯೆಗಳು ಕಡಿಮೆಯಾದವೆಂದು ೨೦೧೩ರಲ್ಲಿ ವರದಿ ಬಂದಿತು. ಪ್ರಯೋಗ ಚಿಕ್ಕದು, ಆದರೂ ನಮ್ಮ ಊರುಗಳಲ್ಲಿ ಆಲೋಚಿಸತಕ್ಕ ಮಾತು.

ಊರಿನ ಪುಸ್ತಕ ಬರೆಯುವ ಬಗೆ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯವರು ಆಶಾ ಕಾರ್ಯಕರ್ತೆಯ ನೆರವಿನಿಂದ ಈ ಪುಸ್ತಕವನ್ನು ಇಡಬಹುದು. ಪ್ರತಿ ಪ್ರಸಂಗಕ್ಕೆ ಒಂದು ಸಾಲು ಸಾಕು:

೧. ತಿಂಗಳು ಮತ್ತು ವರ್ಷ.
೨. ಗಂಡಸೋ ಹೆಂಗಸೋ, ವಯಸ್ಸಿನ ಗುಂಪು.
೩. ಆಕಸ್ಮಿಕವೋ, ಹೊಡೆಯುವಾಗ ತಗುಲಿದ್ದೋ, ಬೇಕೆಂದು ಸೇವಿಸಿದ್ದೋ.
೪. ಡಬ್ಬಿಯ ಮೇಲಿನ ಹೆಸರು ಮತ್ತು ತ್ರಿಕೋನದ ಬಣ್ಣ.
೫. ಡಬ್ಬಿ ಎಲ್ಲಿ ಇತ್ತು: ಮನೆ, ಹೊಲ, ಕೊಟ್ಟಿಗೆ, ಅಥವಾ ಆಗತಾನೆ ಅಂಗಡಿಯಿಂದ ತಂದದ್ದು.
೬. ದವಾಖಾನೆ ಮುಟ್ಟಲು ಹಿಡಿದ ಹೊತ್ತು.
೭. ಬದುಕಿದರೋ ಇಲ್ಲವೋ.

ಇಲ್ಲಿ ಮೂರು ಮಾತುಗಳನ್ನು ಮರೆಯಕೂಡದು. ಮೊದಲನೆಯದು, ಸತ್ತವರನ್ನಷ್ಟೇ ಅಲ್ಲ, ಬದುಕಿದವರನ್ನೂ ಬರೆಯಬೇಕು. ಸಾವುಗಳು ಕೆಲವೇ, ಬದುಕಿದವರಿಂದ ಕಲಿಯಬೇಕಾದುದು ಹೆಚ್ಚು. ಎರಡನೆಯದು, ಹೆಸರು ಬರೆಯಕೂಡದು. ಹೆಸರು, ಜಾತಿ, ಮನೆತನ ಈ ಪುಸ್ತಕಕ್ಕೆ ಬೇಕಿಲ್ಲ. ಸಣ್ಣ ಊರಿನಲ್ಲಿ ಹೆಸರಿಲ್ಲದಿದ್ದರೂ ಗುರುತು ಸಿಗುವುದರಿಂದ ಪುಸ್ತಕ ಸಮಿತಿಯ ಪೆಟ್ಟಿಗೆಯಲ್ಲಿಯೇ ಇರಬೇಕು. ಸಭೆಯಲ್ಲಿ ಒಟ್ಟು ಲೆಕ್ಕ ಮಾತ್ರ ಓದಬೇಕು. ಮೂರನೆಯದು, ಮನೆಯವರ ದುಃಖ ಆರುವ ಮುಂಚೆ ಕಾಗದ ಹಿಡಿದು ಬಾಗಿಲಲ್ಲಿ ನಿಲ್ಲಬಾರದು.

ಬರೆದ ಮೇಲೆ ಲೆಕ್ಕ ಹೋಲಿಸುವುದಕ್ಕೆ ಒಂದು ಕ್ರಮವಿದೆ. ತಿಳಿಯುವುದಕ್ಕಾಗಿ ಒಂದು ಕಲ್ಪಿತ ಉದಾಹರಣೆ ನೋಡೋಣ. ಎರಡು ಸಾವಿರ ಜನರಿರುವ ಚಿಕ್ಕ ಊರಿನಲ್ಲಿ ಮೂರು ವರ್ಷಕ್ಕೆ ಮೂರು ಪ್ರಸಂಗ. ಹತ್ತು ಸಾವಿರ ಜನರಿರುವ ದೊಡ್ಡ ಊರಿನಲ್ಲಿ ಅದೇ ಅವಧಿಗೆ ಐದು. ಮೇಲುನೋಟಕ್ಕೆ ದೊಡ್ಡ ಊರಿನ ತೊಂದರೆ ಹೆಚ್ಚು. ಆದರೆ ಸಾವಿರ ಜನಕ್ಕೆ ಲೆಕ್ಕ ಹಾಕಿದರೆ ಚಿಕ್ಕ ಊರಿನಲ್ಲಿ ಒಂದೂವರೆ, ದೊಡ್ಡ ಊರಿನಲ್ಲಿ ಅರ್ಧ. ಮೂರು ಪಟ್ಟು ಹೆಚ್ಚಿನ ಹೊರೆ ಚಿಕ್ಕ ಊರಿನ ಮೇಲಿದೆ. ಜನಸಂಖ್ಯೆಯ ಲೆಕ್ಕ ಬೇಕಾಗುವುದು ಇದಕ್ಕೇ.

ಹಾಗೆಂದು ಒಂದು ವರ್ಷದ ಒಂದೆರಡು ಪ್ರಸಂಗ ನೋಡಿ ಗಾಬರಿಯಾಗುವುದೂ, ಒಂದು ವರ್ಷ ಏನೂ ಆಗಲಿಲ್ಲವೆಂದು ಹಿಗ್ಗುವುದೂ ಸಲ್ಲದು. ಸಣ್ಣ ಸಂಖ್ಯೆಗಳು ಗಾಳಿಯ ಹೊಟ್ಟಿನಂತೆ ಹಾರಾಡುತ್ತವೆ. ಮೂರು ನಾಲ್ಕು ವರ್ಷಗಳನ್ನು ಕೂಡಿಸಿ, ಸುತ್ತಲಿನ ಹತ್ತಾರು ಹಳ್ಳಿಗಳನ್ನೂ ತಾಂಡಾಗಳನ್ನೂ ಕೂಡಿಸಿ ನೋಡಬೇಕು. ತಾಲೂಕು ದವಾಖಾನೆಗಳ ಲೆಕ್ಕವೂ ಜೊತೆಗೂಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ೨೦೧೧ರ ಜನಗಣತಿಯಂತೆ ಬೀದರ ಜಿಲ್ಲೆಯ ಜನಸಂಖ್ಯೆ ಸುಮಾರು ೧೭ ಲಕ್ಷ. ಲಕ್ಷಕ್ಕೆ ವರ್ಷಕ್ಕೆ ಒಂದು ಸಾವು ತಗ್ಗಿದರೂ ಜಿಲ್ಲೆಯಲ್ಲಿ ೧೭ ಜೀವ ಉಳಿದಂತಾಯಿತು.

ಲೆಕ್ಕ ಓದಿದ ಮೇಲೆ ಮಾಡಬೇಕಾದುದು

ತಿಂಗಳ ಕಾಲಂ ಏನು ಹೇಳುತ್ತದೆ ನೋಡಿರಿ. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ದಿನಗಳಲ್ಲಿ ಮನೆ ಮನೆಯಲ್ಲಿ ಡಬ್ಬಿ ಇರುತ್ತದೆ. ಪ್ರಸಂಗಗಳೂ ಆ ದಿನಗಳಲ್ಲಿಯೇ ಹೆಚ್ಚಿದ್ದರೆ, ಆ ತಿಂಗಳು ಬರುವ ಮುಂಚೆಯೇ ಊರಿನಲ್ಲಿ ಎಚ್ಚರಿಕೆ ಸಾರಬೇಕು. ಸಾಲ ತೀರಿಸುವ ಗಡುವಿನ ಸುತ್ತ ಹೆಚ್ಚಿದ್ದರೆ ಸಹಕಾರಿ ಸಂಘದವರನ್ನು ಕೂಡಿಸಿ ಮಾತನಾಡಬೇಕು.

ಬಣ್ಣದ ಕಾಲಂ ನೋಡಿರಿ. ಡಬ್ಬಿಯ ಮೇಲೆ ಕೆಂಪು ತ್ರಿಕೋನವಿದ್ದರೆ ಅತಿ ತೀವ್ರ ವಿಷ, ಹಳದಿಯಿದ್ದರೆ ತೀವ್ರ ವಿಷ, ನೀಲಿಯಿದ್ದರೆ ಮಧ್ಯಮ, ಹಸಿರಿದ್ದರೆ ಅವುಗಳಿಗಿಂತ ಸೌಮ್ಯ. ಹಸಿರೂ ವಿಷವೇ ಎಂಬುದನ್ನು ಮರೆಯಕೂಡದು. ಕೆಂಪು ಹಳದಿಯ ಡಬ್ಬಿಗಳೇ ಮತ್ತೆ ಮತ್ತೆ ಕಾಣಿಸಿದರೆ, ಅದೇ ಕೀಟಕ್ಕೆ ಕಡಿಮೆ ವಿಷದ ಉಪಾಯ ಯಾವುದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಕಾಯಿಕೊರಕಕ್ಕೆ ಮೋಹಕ ಬಲೆ, ಹಕ್ಕಿ ಕೂರಲು ಕವಲುಗೂಟ, ಬೇವಿನ ಬೀಜದ ಕಷಾಯ, ಗಿಡ ಅಲುಗಾಡಿಸಿ ಹುಳು ಬೀಳಿಸಿ ನಾಶಮಾಡುವುದು ಇವೆಲ್ಲ ನಮ್ಮ ರೈತರಿಗೆ ಪರಿಚಯವಿದ್ದ ಕ್ರಮಗಳೇ. ಹುಳುವಿನ ಎಣಿಕೆ ನೋಡಿ ಹೊಡೆದರೆ ಖರ್ಚೂ ಉಳಿಯುತ್ತದೆ, ಮನೆಯಲ್ಲಿ ಮಿಕ್ಕಿ ಉಳಿಯುವ ವಿಷವೂ ತಗ್ಗುತ್ತದೆ. ಹೊಲಕ್ಕೆ ಬೇಕಾದಷ್ಟೇ ಕೊಳ್ಳಿರಿ. ‘ಮುಂದಿನ ಸಲಕ್ಕೆ ಇರಲಿ’ ಎಂದು ತರಬೇಡಿರಿ.

ಆಕಸ್ಮಿಕದ ಕಾಲಂ ತುಂಬಿದ್ದರೆ ದಾರಿ ಬೇರೆ. ೨೦೧೭ರಲ್ಲಿ ನೆರೆಯ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ವಿಷ ಹೊಡೆಯುತ್ತಿದ್ದವರಲ್ಲಿ ೨೦ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ದವಾಖಾನೆ ಸೇರಿದರು. ೨೦೧೩ರಲ್ಲಿ ಬಿಹಾರದ ಗಂಡಾಮನ್ ಎಂಬ ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡ ೨೩ ಮಕ್ಕಳು ಅಡುಗೆ ಎಣ್ಣೆಯಲ್ಲಿ ಸೇರಿದ್ದ ಕೀಟನಾಶಕದಿಂದ ಪ್ರಾಣ ಬಿಟ್ಟರು. ಆದುದರಿಂದ ವಿಷವನ್ನು ಸಾರಾಯಿ, ಸರಬತ್ತು, ನೀರಿನ ಬಾಟಲಿಗಳಿಗೆ ಎಂದೂ ಸುರಿಯಬೇಡಿರಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ತೂತು ಮಾಡಿರಿ; ಮನೆಬಳಕೆಗೆ ತರಬೇಡಿರಿ. ಹೊಡೆಯುವಾಗ ಮೈತುಂಬ ಬಟ್ಟೆ, ಕೈಗವಸು, ಬಾಯಿ ಮೂಗಿಗೆ ಕವಚ ಇರಲಿ. ಗಾಳಿಗೆ ಎದುರು ನಿಂತು ಹೊಡೆಯಬೇಡಿರಿ.

ವಿಷ ಒಳಸೇರಿದಾಗ

ಉಪ್ಪುನೀರು, ಹುಣಸೆನೀರು, ಹಾಲು, ತುಪ್ಪ ಏನನ್ನೂ ಕುಡಿಸಬೇಡಿರಿ. ವಾಂತಿ ಮಾಡಿಸಲು ಹೋಗಬೇಡಿರಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇಮ್ಮಡಿಸುತ್ತದೆ. ವಿಷ ತಾಗಿದ ಬಟ್ಟೆ ತೆಗೆದು ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ತೊಳೆಯುವವರ ಕೈಗೆ ಕವಸು ಅಥವಾ ಪ್ಲಾಸ್ಟಿಕ್ ಇರಲಿ. ಎಚ್ಚರ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಿರಿ. ೧೦೮ಕ್ಕೆ ಕರೆ ಮಾಡಿರಿ. ಡಬ್ಬಿಯನ್ನೂ ಚೀಟಿಯನ್ನೂ ತಪ್ಪದೆ ಒಯ್ಯಿರಿ. ವೈದ್ಯರು ಮದ್ದು ನಿರ್ಧರಿಸುವುದು ಅದರ ಮೇಲೆಯೇ. ‘ಈಗ ಆರಾಮ ಕಾಣುತ್ತಾರೆ’ ಎಂದು ಮನೆಯಲ್ಲಿ ಕಾಯಬಾರದು. ಕೆಲವು ವಿಷಗಳು ತಡವಾಗಿ ಕೆರಳುತ್ತವೆ.

ಇನ್ನು ಮನಸ್ಸು ಕುಗ್ಗಿದವರ ಮಾತು. ಊಟ ಬಿಟ್ಟು, ಮಾತು ಬಿಟ್ಟು, ‘ನಾನಿದ್ದು ಏನು ಫಲ’ ಎನ್ನುವವರನ್ನು ಬೈಯಬೇಡಿರಿ. ಜೊತೆಗೆ ಕುಳಿತು ಕೇಳಿರಿ. ಅವರ ಮನೆಯ ಡಬ್ಬಿಯನ್ನು ಬೇರೆ ಕಡೆ ಇಡಿಸಿರಿ. ೧೪೪೧೬ ಎಂಬುದು ಸರ್ಕಾರದ ಟೆಲಿ ಮಾನಸ್ ಸಂಖ್ಯೆ. ೨೦೨೨ರಲ್ಲಿ ಆರಂಭವಾಗಿ ಹಗಲಿರುಳು ನಡೆಯುತ್ತಿದೆ, ಹಣ ಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ರೈತ ಬಾಂಧವರೇ, ತಾಯಂದಿರೇ, ರಾಶಿಯಾದ ಮೇಲೆ ಎಷ್ಟು ಚೀಲ ಬಂತೆಂದು ಎಣಿಸದ ಮನೆಯಿಲ್ಲ. ಕಾಳಿನ ಲೆಕ್ಕಕ್ಕಿಂತ ಮನುಷ್ಯರ ಲೆಕ್ಕ ದೊಡ್ಡದು. ಬೆಂಕಿ ಬಿದ್ದಾಗ ಬಾವಿ ತೋಡುವ ಹಾಗಾಗದೆ, ಮುಂದಿನ ಗ್ರಾಮಸಭೆಯಲ್ಲಿ ಈ ಪುಸ್ತಕದ ಮಾತು ಎತ್ತಿರಿ. ಕಳೆದ ಮೂರು ವರ್ಷಗಳಲ್ಲಿ ನೆನಪಿರುವಷ್ಟನ್ನು ಹೆಸರಿಲ್ಲದೆ ಬರೆದು ಪ್ರಾರಂಭಿಸಿರಿ. ತ್ರಿಕೋನದ ಬಣ್ಣ ಗುರುತಿಸುವುದಕ್ಕೂ, ಸಾವಿರಕ್ಕೆ ಎಷ್ಟೆಂದು ಲೆಕ್ಕ ಹಾಕುವುದಕ್ಕೂ ನಿಮ್ಮ ಗ್ರಾಮಸೇವಕರನ್ನು ಕರೆಯಿರಿ. ಅವರು ಬಂದು ನಿಮ್ಮ ಜೊತೆ ಕುಳಿತು ಮಾಡಿಕೊಡುತ್ತಾರೆ.